ಇಂಜಿನಿಯರಿಂಗ್ ಕಾಲೇಜುಗಳಿಗೆ ಬಹಿರಂಗ ಪತ್ರ: ಸಾಧನ ಮಾಡುವ ಮುಂಚೆ ನಮ್ಮನ್ನು ಕೇಳಿ

ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ, ವಿಭಾಗದ ಮುಖ್ಯಸ್ಥರಿಗೆ ಮತ್ತು ಪ್ರಾಜೆಕ್ಟ್ ಗೈಡ್‌ಗಳಿಗೆ,

ಮಾನ್ಯರೇ,

ನಾನು ಮೈಸೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಶಿಕ್ಷಕಿ. ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುವ, ದೃಷ್ಟಿ ನಿಧಾನವಾಗಿ ಹೋಗುವ ಕಣ್ಣಿನ ಕಾಯಿಲೆ ಇದೆ. ಚಿಕ್ಕವಳಿದ್ದಾಗ ಸಂಜೆಯಾದರೆ ಕಣ್ಣು ಕಾಣುತ್ತಿರಲಿಲ್ಲ. ಆಮೇಲೆ ಅಕ್ಕಪಕ್ಕದ್ದು ಕಾಣದಾಯಿತು. ಈಗ ಕಿಟಕಿ ಯಾವ ಕಡೆ ಇದೆ ಅಂತ ಬೆಳಕಿನಿಂದ ಗೊತ್ತಾಗುತ್ತದೆ, ಅಷ್ಟೇ. ರಜೆಯಲ್ಲಿ, ಭಾನುವಾರಗಳಲ್ಲಿ ದೃಷ್ಟಿದೋಷ ಇರುವ ಮಕ್ಕಳ ಹಾಸ್ಟೆಲೊಂದಕ್ಕೆ ಹೋಗಿ ಬ್ರೈಲ್ ಮತ್ತು ಕಂಪ್ಯೂಟರ್ ಹೇಳಿಕೊಡುತ್ತೇನೆ. ಆ ಹಾಸ್ಟೆಲಿಗೆ ಪ್ರತಿ ವರ್ಷ ನಿಮ್ಮ ಕೊನೆಯ ವರ್ಷದ ವಿದ್ಯಾರ್ಥಿಗಳು ಕಣ್ಣು ಕಾಣದವರಿಗಾಗಿ ಮಾಡಿದ ಪ್ರಾಜೆಕ್ಟ್ ಸಾಧನ ಹಿಡಿದು ಬರುತ್ತಾರೆ. ಕಾಲೇಜು ಬೇರೆ ಬೇರೆ, ಆದರೆ ಬರುವ ಕಾಲ ಒಂದೇ, ತರುವ ಸಾಧನವೂ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಯಾವ ಕಾಲೇಜಿನ ಹೆಸರನ್ನೂ ಹೇಳದೆ ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಏನಾಗುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಪ್ರಾಜೆಕ್ಟ್ ಸಬ್ಮಿಷನ್ ಹತ್ತಿರ ಬಂದಾಗ ಒಂದು ಸಂಜೆ ಫೋನ್ ಬರುತ್ತದೆ. "ಮೇಡಂ, ನಾಳೆ ಒಂದು ಹತ್ತು ನಿಮಿಷ ಟೆಸ್ಟಿಂಗ್ ಮಾಡ್ಕೊಳ್ಳಬಹುದಾ? ನಾಡಿದ್ದು ಎಕ್ಸ್‌ಟರ್ನಲ್ ಎಕ್ಸಾಮಿನರ್ ಬರ್ತಾರೆ." ಮಾರನೇ ದಿನ ನಾಲ್ಕು ಜನ ಬರುತ್ತಾರೆ. ಕೈಯಲ್ಲಿ ಒಂದು ಪಿವಿಸಿ ಪೈಪು, ಅದಕ್ಕೆ ಟೇಪ್ ಸುತ್ತಿ ಕೂರಿಸಿದ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯೊಳಗೆ ಸಣ್ಣ ಕಂಪ್ಯೂಟರಿನ ಹಾಗೆ ಕೆಲಸ ಮಾಡುವ ಆರ್ಡುಯಿನೊ ಬೋರ್ಡು, 9 ವೋಲ್ಟಿನ ಬ್ಯಾಟರಿ, ಒಂದು ಬಜರ್. ಮುಂದೆ ಎರಡು ಗುಂಡು ಕಣ್ಣಿನ ಹಾಗೆ ಕೈಗೆ ಸಿಗುವ ಅಲ್ಟ್ರಾಸೋನಿಕ್ ಸೆನ್ಸರ್. ಒಬ್ಬ ಹುಡುಗನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೈಗೆ ಕೋಲು ಕೊಡುತ್ತಾರೆ. ಅವನು ನಡೆಯುತ್ತಾನೆ, ಗೋಡೆ ಹತ್ತಿರ ಬಂದಾಗ ಬಜರ್ ಕೂಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ವಿಡಿಯೊ ಆಗುತ್ತದೆ, ಫೋಟೊ ಆಗುತ್ತದೆ. ಆ ಕಾರಿಡಾರಿನಲ್ಲಿ ಆ ಹುಡುಗ ದಿನಾ ಕೋಲಿಲ್ಲದೆ ಓಡುತ್ತಾನೆ. ಗೋಡೆ ಎಲ್ಲಿ ಮುಗಿಯುತ್ತದೆ, ನೀರಿನ ಡ್ರಮ್ಮು ಎಲ್ಲಿದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು.

ಆಮೇಲೆ ಒಂದು ಹಾಳೆ ಬರುತ್ತದೆ. "ಮೇಡಂ, ಇದಕ್ಕೆ ಒಂದು ಸೈನ್." ಹೋದ ವರ್ಷ ಬಂದ ಹಾಳೆಯನ್ನು ಸಹಿ ಹಾಕುವ ಮುಂಚೆ ಹಾಸ್ಟೆಲಿನ ಅಡುಗೆಯವರ ಮಗಳ ಹತ್ತಿರ ಓದಿಸಿದೆ. ಈ ಸಾಧನ ಬಳಸಿದ್ದರಿಂದ ನಾನು ಯಾರ ಸಹಾಯವೂ ಇಲ್ಲದೆ ಸ್ವತಂತ್ರವಾಗಿ ಓಡಾಡುತ್ತಿದ್ದೇನೆ, ಇದು ನನಗೆ ಬಹಳ ಉಪಯುಕ್ತವಾಗಿದೆ ಅಂತ ಮೊದಲೇ ಟೈಪ್ ಆಗಿತ್ತು. ಕೆಳಗೆ ಹೆಸರು, ವಯಸ್ಸು, ದೋಷದ ಶೇಕಡಾವಾರು, ಸಹಿ. ಅದು ಅಭಿಪ್ರಾಯ ಕೇಳುವ ಹಾಳೆ ಅಲ್ಲವೇ ಅಲ್ಲ. ನಾನು ಸಹಿ ಹಾಕಲಿಲ್ಲ. ಆದರೆ ಆ ದಿನ ನನಗಿಂತ ಮುಂಚೆ ನಾಲ್ಕೈದು ಮಕ್ಕಳ ಹತ್ತಿರ ಹೆಬ್ಬೆಟ್ಟು ಒತ್ತಿಸಿಕೊಂಡಾಗಿತ್ತು. ಎಲ್ಲರೂ ಹೈಸ್ಕೂಲ್ ಮಕ್ಕಳು. ಅದರಲ್ಲಿ ಏನು ಬರೆದಿದೆ ಅಂತ ಅವರಿಗೆ ಯಾರೂ ಓದಿ ಹೇಳಿರಲಿಲ್ಲ, ಮನೆಯವರನ್ನು ಕೇಳುವ ಮಾತಂತೂ ದೂರ.

ನನಗೆ ಜಾಸ್ತಿ ಬೇಸರ ಆಗಿದ್ದು ಅದಾದ ಮೇಲೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ, "ಅಕ್ಕಾ, ನಾಳೆಯಿಂದ ಇದು ನಂದೇನಾ?" ಕೋಲು ತಂದಿದ್ದ ವಿದ್ಯಾರ್ಥಿನಿಗೆ ಏನು ಹೇಳಬೇಕು ಅಂತ ತೋಚಲಿಲ್ಲ. "ಕಾಲೇಜಿಗೆ ಸಬ್ಮಿಟ್ ಮಾಡ್ಬೇಕು ಪುಟ್ಟಾ" ಅಂದಳು. ಅವನು ಸುಮ್ಮನೆ ಕೊಟ್ಟುಬಿಟ್ಟ. ಆ ಕೋಲು ಈಗ ನಿಮ್ಮಲ್ಲೊಬ್ಬರ ಲ್ಯಾಬಿನ ಬೀರುವಿನಲ್ಲಿದೆ. ಅದರ ಪಕ್ಕದಲ್ಲಿ ಅದರ ಹಿಂದಿನ ವರ್ಷದ ಕೋಲೂ ಇರುತ್ತದೆ, ಅಲ್ವಾ?

ವಿದ್ಯಾರ್ಥಿಗಳನ್ನು ದೂರುವುದಕ್ಕೆ ಇದನ್ನೆಲ್ಲ ಹೇಳುತ್ತಿಲ್ಲ. ಅವರು ಒಳ್ಳೆಯ ಮಕ್ಕಳು. ಸಿಹಿ ತರುತ್ತಾರೆ, ನಮ್ಮ ಮಕ್ಕಳ ಜೊತೆ ಅಂತ್ಯಾಕ್ಷರಿ ಆಡುತ್ತಾರೆ, ಹೋಗುವಾಗ ನಿಜವಾಗಿಯೂ ಮನಸ್ಸು ಭಾರ ಮಾಡಿಕೊಂಡು ಹೋಗುತ್ತಾರೆ. ಒಬ್ಬಳಂತೂ ಕೋರ್ಸ್ ಮುಗಿದ ಮೇಲೆ ಫೋನ್ ಮಾಡಿ, ಮೇಡಂ, ನೀವು ಹೇಳಿದ ಹಾಗೆ ಬದಲಾಯಿಸೋಣ ಅಂತಿದ್ದೆ, ಆದರೆ ಈಗ ಲ್ಯಾಬಿಗೆ ಬಿಡಲ್ಲ, ಬೋರ್ಡು ವಾಪಸ್ ಕೊಟ್ಟಾಯ್ತು ಅಂತ ಸಂಕಟ ಪಟ್ಟಳು. ಅವಳ ತಪ್ಪು ಏನಿದೆ ಇದರಲ್ಲಿ? ಯಾವ ವಿಷಯ ತೆಗೆದುಕೊಳ್ಳಬೇಕು, ಸಿನಾಪ್ಸಿಸ್ (ಏನು ಮಾಡುತ್ತೇವೆ ಅಂತ ಮೊದಲು ಬರೆದುಕೊಡುವ ಸಾರಾಂಶ) ಯಾವಾಗ ಕೊಡಬೇಕು, ಯಾವುದಕ್ಕೆ ಎಷ್ಟು ಮಾರ್ಕ್ಸು ಅನ್ನುವುದನ್ನು ಗೊತ್ತು ಮಾಡುವವರು ನೀವು. ಲಿಟರೇಚರ್ ಸರ್ವೆಗೆ, ಅಂದರೆ ಹಿಂದೆ ಬೇರೆಯವರು ಮಾಡಿದ್ದನ್ನು ಓದಿ ಬರೆಯುವುದಕ್ಕೆ, ಮಾರ್ಕ್ಸ್ ಇದೆ, ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಮಾರ್ಕ್ಸ್ ಇದೆ. ಆ ಸಾಧನ ಯಾರಿಗಾಗಿ ಮಾಡಿದ್ದೋ ಅವರ ಜೊತೆ ಕೂತು ಮಾತಾಡಿದ್ದಕ್ಕೆ ಮಾರ್ಕ್ಸ್ ಇಲ್ಲ. ಹಾಗಾಗಿ ಅದು ಕೊನೆಯ ದಿನದ ಹತ್ತು ನಿಮಿಷದ ಕೆಲಸ ಆಗಿಬಿಟ್ಟಿದೆ. ಈ ಪತ್ರ ನಿಮಗೆ ಬರೆದದ್ದು ಅದಕ್ಕೆ.

ಕೋಲಿನ ವಿಷಯಕ್ಕೇ ಬರುತ್ತೇನೆ. ನಮ್ಮನ್ನು ಮೊದಲೇ ಕೇಳಿದ್ದರೆ ಏನು ಬದಲಾಗುತ್ತಿತ್ತು ಅಂತ ಇದರಿಂದಲೇ ಗೊತ್ತಾಗುತ್ತದೆ.

ಸಾಮಾನ್ಯವಾಗಿ ಹಾಕುವ ಎಚ್‌ಸಿ-ಎಸ್‌ಆರ್04 ಸೆನ್ಸರ್ ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಶಬ್ದ ಬಿಡುತ್ತದೆ, ಅದು ಹೋಗಿ ತಗುಲಿ ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ನೋಡಿ ದೂರ ಲೆಕ್ಕ ಹಾಕುತ್ತದೆ. 2 ಸೆಂಟಿಮೀಟರಿನಿಂದ 4 ಮೀಟರ್‌ವರೆಗೆ ಅಂತ ಅದರ ಡೇಟಾಶೀಟ್ ಹೇಳುತ್ತದೆ. ಕಾರಿಡಾರಿನ ಗೋಡೆ ಚಪ್ಪಟೆ, ನೇರ ಎದುರಿಗಿದೆ, ಶಬ್ದ ಸರಿಯಾಗಿ ವಾಪಸ್ ಬರುತ್ತದೆ. ರಸ್ತೆಯಲ್ಲಿ ಹಾಗಲ್ಲ. ಓರೆಯಾಗಿ ನಿಂತ ಕಾರಿನ ಬಾಗಿಲಿಗೆ ಬಡಿದ ಶಬ್ದ ಬೇರೆ ಕಡೆ ಹೋಗಿಬಿಡುತ್ತದೆ. ಅಂಗಡಿ ಮುಂದೆ ನೇತುಹಾಕಿದ ಬಟ್ಟೆ ಶಬ್ದವನ್ನು ನುಂಗುತ್ತದೆ. ತೆಳ್ಳಗಿನ ತಂತಿ ಬೇಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಜನ ಜಾಸ್ತಿ ಇರುವ ಕಡೆಯಂತೂ ಬಜರ್ ಒಂದೇ ಸಮ ಕೂಗುತ್ತದೆ, ಮುಂದೆ ಹೋಗುವ ಪ್ರತಿಯೊಬ್ಬರಿಗೂ ಕೂಗುತ್ತದೆ. ಆಗ ನನಗೆ ನಿಜವಾಗಿ ಬೇಕಾದ ಸದ್ದುಗಳು ಮುಚ್ಚಿಹೋಗುತ್ತವೆ. ಎಲೆಕ್ಟ್ರಿಕ್ ಸ್ಕೂಟರು ಬರುವ ಸಣ್ಣ ಸದ್ದು, ಗಲ್ಲಿ ತೆರೆದುಕೊಂಡಾಗ ಕಿವಿಗೆ ಬೇರೆಯಾಗಿ ಕೇಳುವ ಗಾಳಿ, ನನ್ನ ಕೋಲೇ ಕಲ್ಲಿಗೆ ತಗುಲಿದಾಗ ಒಂದು ಸದ್ದು, ಮಣ್ಣಿಗೆ ತಗುಲಿದಾಗ ಇನ್ನೊಂದು. ಈ ಸದ್ದುಗಳನ್ನು ನಂಬಿಕೊಂಡೇ ನಾನು ನಡೆಯುವುದು.

ಮತ್ತೆ ನೆಲದ ಮೇಲಿನ ಅಡ್ಡಿ, ಮೆಟ್ಟಿಲು, ಗುಂಡಿ, ಚಪ್ಪಡಿ ಇಲ್ಲದ ಚರಂಡಿ, ಇವನ್ನೆಲ್ಲ ಮಾಮೂಲಿ ಬಿಳಿಕೋಲು ಚೆನ್ನಾಗಿ ಹಿಡಿಯುತ್ತದೆ. ಅದಕ್ಕೆ ಬ್ಯಾಟರಿ ಬೇಡ. ನಾಲ್ಕು ಮಡಿಕೆಯಾಗಿ ಬ್ಯಾಗಿನೊಳಗೆ ಹೋಗುತ್ತದೆ, ಮಳೆಯಲ್ಲಿ ನೆನೆದರೂ ಏನಾಗಲ್ಲ. ಮುಂದಕ್ಕೆ ನೋಡುವ ಸೆನ್ಸರಿಗೆ ಗುಂಡಿ ಕಾಣುವುದೇ ಇಲ್ಲ, ಗುಂಡಿಯಲ್ಲಿ ಶಬ್ದ ತಗುಲುವುದಕ್ಕೆ ಏನಿದೆ? ಬಿಳಿಕೋಲಿಗೆ ಆಗದ ಕೆಲಸ ಒಂದಿದೆ. ಮೊಣಕಾಲಿಗಿಂತ ಮೇಲಿರುವುದು ಅದಕ್ಕೆ ಸಿಗುವುದಿಲ್ಲ. ಲಾರಿಯ ಹಿಂದೆ ಚಾಚಿಕೊಂಡ ಕಬ್ಬಿಣದ ಸರಳು, ಅಂಗಡಿಯ ಬೋರ್ಡು, ಬಗ್ಗಿದ ಕೊಂಬೆ, ಹೊರಗೆ ತೆರೆದಿಟ್ಟ ಕಿಟಕಿ ಬಾಗಿಲು. ಕೆಳಗೆ ಕೋಲು ಸಲೀಸಾಗಿ ಹೋಗುತ್ತದೆ, ಮೇಲೆ ಹಣೆಗೆ ಬಡಿಯುತ್ತದೆ. ನಮ್ಮಲ್ಲಿ ತುಂಬಾ ಜನರ ಹಣೆ, ಮೂಗಿನ ಮೇಲೆ ಇಂಥ ಗಾಯದ ಗುರುತು ಇದೆ.

ದೆಹಲಿ ಐಐಟಿಯಲ್ಲಿ 2005ರ ಹೊತ್ತಿಗೆ ವಿದ್ಯಾರ್ಥಿಗಳು ಕೋರ್ಸ್ ಪ್ರಾಜೆಕ್ಟಾಗಿ ಶುರು ಮಾಡಿದ ಕೆಲಸ ಸರಿಯಾಗಿ ಈ ಜಾಗಕ್ಕೆ ಕೈ ಹಾಕಿತು. ಪ್ರೊಫೆಸರ್ ಎಂ. ಬಾಲಕೃಷ್ಣನ್ ಅವರ ಮಾರ್ಗದರ್ಶನದಲ್ಲಿ ಶುರುವಾದದ್ದು ಅದು. ಅವರು ಬಿಳಿಕೋಲನ್ನು ತೆಗೆದುಹಾಕಲಿಲ್ಲ, ಅದರ ಹಿಡಿಗೆ ಕೂರುವ ಒಂದು ಸಾಧನ ಮಾಡಿದರು. ಸೆನ್ಸರ್ ಮೊಣಕಾಲಿನಿಂದ ತಲೆಯವರೆಗಿನ ಅಡ್ಡಿಯನ್ನು ನೋಡುತ್ತದೆ, 3 ಮೀಟರ್ ದೂರದವರೆಗೆ. ಬಜರ್ ಇಲ್ಲ, ಹಿಡಿ ಕೈಯಲ್ಲೇ ನಡುಗುತ್ತದೆ, ಅಡ್ಡಿ ಹತ್ತಿರ ಬಂದಂತೆ ನಡುಕ ಬದಲಾಗುತ್ತದೆ, ಕಿವಿ ನಮ್ಮ ಪಾಲಿಗೇ ಉಳಿಯುತ್ತದೆ. ದೃಷ್ಟಿಹೀನರ ಜೊತೆ ಕೆಲಸ ಮಾಡುವ ಸಕ್ಷಮ್ ಟ್ರಸ್ಟ್ ಮೊದಲಿಂದ ಜೊತೆಗಿತ್ತು. ಬೇರೆ ಬೇರೆ ಊರುಗಳಲ್ಲಿ ನಮ್ಮಂಥವರ ಕೈಗೆ ಕೊಟ್ಟು, ಕೇಳಿ, ತಿದ್ದಿದರು. ವೆಲ್‌ಕಮ್ ಟ್ರಸ್ಟಿನ ಹಣದ ನೆರವು ಸಿಕ್ಕಿತು. ಚೆನ್ನೈನ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್ ತಯಾರಿಸಿತು. 2014ರಲ್ಲಿ ಸ್ಮಾರ್ಟ್‌ಕೇನ್ ಅಂತ ಹೊರಗೆ ಬಂತು. ಕೋರ್ಸ್ ಪ್ರಾಜೆಕ್ಟಿನಿಂದ ಜನರ ಕೈಗೆ ಬರಲು ಒಂಬತ್ತು ವರ್ಷ ಹಿಡಿಯಿತು, ನೋಡಿ. ನಮ್ಮಲ್ಲಿ ಪ್ರತಿ ಬ್ಯಾಚೂ ಮೊದಲನೇ ವರ್ಷದ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತಿದೆ. ಹಿಂದಿನವರು ಏನು ಮಾಡಿದರು, ಎಲ್ಲಿ ಸೋತರು ಅನ್ನುವುದು ಮುಂದಿನವರಿಗೆ ಸಿಗುತ್ತಲೇ ಇಲ್ಲ.

ಅದೇ ತಂಡ ಹಿಡಿದ ಇನ್ನೊಂದು ಸಮಸ್ಯೆ ಬಸ್ಸು. ಬಸ್ಸು ಬಂದು ನಿಂತಾಗ ಅದು ಯಾವ ನಂಬರ್ ಅಂತ ನಾವು ಪಕ್ಕದವರನ್ನು ಕೇಳಬೇಕು. ಪಕ್ಕದವರು ಹೇಳುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಅವರ ಆನ್‌ಬೋರ್ಡ್ ಸಾಧನದಲ್ಲಿ ಕೈಯಲ್ಲಿರುವ ಬಟನ್ ಒತ್ತಿದರೆ ಹತ್ತಿರದ ಬಸ್ಸಿನ ನಂಬರ್ ಕೇಳುತ್ತದೆ, ನಮಗೆ ಬೇಕಾದದ್ದನ್ನು ಆರಿಸಿದರೆ ಬಸ್ಸಿನ ಬಾಗಿಲ ಹತ್ತಿರದ ಸ್ಪೀಕರು ಸದ್ದು ಮಾಡುತ್ತದೆ, ಆ ಸದ್ದು ಹಿಡಿದು ಬಾಗಿಲಿಗೆ ಹೋಗಬಹುದು. ಬಾಗಿಲು ಎಲ್ಲಿದೆ ಅನ್ನುವುದೂ ಒಂದು ಪ್ರಶ್ನೆ ಅಂತ ಕಣ್ಣು ಕಾಣುವವರಿಗೆ ಕೂತಲ್ಲೇ ಹೊಳೆಯುವುದಿಲ್ಲ. ನಮ್ಮ ಮೈಸೂರಿನ ನಗರ ಬಸ್ಸುಗಳಿಗೆ ಈ ವ್ಯವಸ್ಥೆ 'ಧ್ವನಿ ಸ್ಪಂದನ' ಅನ್ನುವ ಹೆಸರಿನಲ್ಲಿ ಬಂತು. ಹುಡುಗರ ಪ್ರಾಜೆಕ್ಟು ನನ್ನ ಬಸ್‌ಸ್ಟಾಪಿನವರೆಗೆ ಬಂದು ಮುಟ್ಟಬಹುದು ಅನ್ನುವ ನಂಬಿಕೆ ನನಗೆ ಇರುವುದು ಇದರಿಂದಲೇ.

ಬೆಂಗಳೂರಿನಲ್ಲೇ ಉದಾಹರಣೆ ಇದೆ. ಬ್ರೈಲ್ ತಾನೇ ಕಲಿಯಲು ಆಗುವ 'ಆನಿ' ಯಂತ್ರ ಮಾಡಿದ ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ಹುಟ್ಟಿದ್ದು ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್ಸಿನ ವಿದ್ಯಾರ್ಥಿಗಳ ಪ್ರಾಜೆಕ್ಟಿನಿಂದ. ಬೆಂಗಳೂರಿನ ಐಐಐಟಿಯಲ್ಲಿ ಓದಿದ, ಹುಟ್ಟಿನಿಂದ ಕಣ್ಣು ಕಾಣದ ವಿದ್ಯಾ ವೈ. ಅವರು ಸುಪ್ರಿಯಾ ಡೇ ಜೊತೆ ಸೇರಿ 2017ರಲ್ಲಿ ವಿಷನ್ ಎಂಪವರ್ ಕಟ್ಟಿದರು, ನಮ್ಮ ಮಕ್ಕಳಿಗೆ ಗಣಿತ, ವಿಜ್ಞಾನ ತಲುಪಿಸುವುದಕ್ಕೆ. ಅಲ್ಲಿ ಸಮಸ್ಯೆ ಏನು ಅಂತ ಹೇಳುವವರೂ ನಾವೇ, ಕೆಲಸ ಮಾಡುವವರಲ್ಲೂ ನಾವಿದ್ದೇವೆ.

ಇನ್ನೂ ದೊಡ್ಡದು ಹೇಳುತ್ತೇನೆ. ಈ ಪತ್ರವನ್ನು ನಾನು ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರಿನಲ್ಲಿ, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರಿನಲ್ಲಿ, ಕೇಳಿಸಿಕೊಂಡು ಬರೆಯುತ್ತಿದ್ದೇನೆ. ಅದನ್ನು 2006ರಲ್ಲಿ ಬರೆಯಲು ಶುರು ಮಾಡಿದ್ದು ಆಸ್ಟ್ರೇಲಿಯಾದ ಮೈಕೆಲ್ ಕರನ್, ಆಗಿನ್ನೂ ಇಪ್ಪತ್ತರ ಆಸುಪಾಸಿನ, ಕಣ್ಣು ಕಾಣದ ಹುಡುಗ. ದುಡ್ಡು ಕೊಟ್ಟು ಕೊಳ್ಳಬೇಕಾಗಿದ್ದ ಸ್ಕ್ರೀನ್ ರೀಡರುಗಳ ಬೆಲೆ ಆಗ ಕಂಪ್ಯೂಟರಿನ ಬೆಲೆಗಿಂತಲೂ ಜಾಸ್ತಿ ಇರುತ್ತಿತ್ತು. ಇದು ಪೂರ್ತಿ ಉಚಿತ, ಕೋಡ್ ಕೂಡ ತೆರೆದೇ ಇದೆ. ಕೆಲಸ ಕೊಡುವ ಮುಂಚೆ ನನಗೆ ಕಂಪ್ಯೂಟರ್ ಬರುತ್ತದೆಯಾ ಅಂತ ಕೇಳಿದವರಿಗೆ ನಾನು ಉತ್ತರ ಕೊಟ್ಟಿದ್ದು ಇದರಿಂದ.

ಆದರೆ ಇದರಲ್ಲಿ ಕನ್ನಡದ ಗತಿ ಏನು ಗೊತ್ತಾ? ಇದರ ಜೊತೆ ಉಚಿತವಾಗಿ ಬರುವ, ಅಕ್ಷರವನ್ನು ದನಿಯಾಗಿ ಮಾಡುವ ಇ-ಸ್ಪೀಕ್ ಕನ್ನಡ ಓದುತ್ತದೆ, ಆದರೆ ಯಂತ್ರದ ದನಿ, ಎಷ್ಟೋ ಒತ್ತಕ್ಷರಗಳು ಕಿವಿಗೆ ಬೀಳುವುದೇ ಇಲ್ಲ. ಒಂದೇ ವಾಕ್ಯದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬಂದರೆ ತಡವರಿಸುತ್ತದೆ. ಅದರ ಉಚ್ಚಾರಣೆಯ ನಿಯಮಗಳೆಲ್ಲ ಸಾದಾ ಟೆಕ್ಸ್ಟ್ ಫೈಲಿನಲ್ಲಿವೆ, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಕನ್ನಡ ಮಾತಾಡುವ, ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳು ನಮ್ಮ ರಾಜ್ಯದಲ್ಲಿ ಎಷ್ಟು ಸಾವಿರ ಇದ್ದಾರೆ! ಒಂದು ರೂಪಾಯಿಯ ಸೆನ್ಸರೂ ಬೇಡ ಈ ಪ್ರಾಜೆಕ್ಟಿಗೆ. ನಾಲ್ಕು ಜನ ಒಂದು ವರ್ಷ ಕೂತು, ನಮ್ಮ ಮಕ್ಕಳ ಜೊತೆ ಪಠ್ಯಪುಸ್ತಕದ ಒಂದೊಂದು ಪುಟ ಕೇಳಿಸಿಕೊಂಡು, ಎಲ್ಲಿ ತಪ್ಪುತ್ತದೆ ಅಂತ ಬರೆದುಕೊಂಡು ತಿದ್ದಿದರೆ, ಕನ್ನಡ ಓದುವ ಪ್ರತಿಯೊಬ್ಬ ದೃಷ್ಟಿಹೀನರಿಗೂ ಅದು ಮುಟ್ಟುತ್ತದೆ. ಎಲ್ಲ ಊರಿಗೂ, ಒಂದೇ ಸಲಕ್ಕೆ.

ಕಚೇರಿಗಳಿಂದ ಬರುವ ಕಾಗದಗಳದ್ದು ಇನ್ನೊಂದು ಗೋಳು. 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಸುತ್ತೋಲೆಯನ್ನು ಕಣ್ಣಿಗೆ ತೋರಿಸಿದರೆ ಕನ್ನಡವೇ. ಸ್ಕ್ರೀನ್ ರೀಡರಿಗೆ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಎಲ್ಲ ಕಂಪ್ಯೂಟರಿಗೂ ಒಂದೇ ಥರ ಅರ್ಥವಾಗುವ ಅಕ್ಷರ ಪದ್ಧತಿಯಾದ ಯೂನಿಕೋಡ್ ಬಂದು ಎಷ್ಟೋ ವರ್ಷವಾದರೂ ಇವತ್ತಿಗೂ ಇಂಥ ಕಾಗದ ಬರುತ್ತದೆ. ಇಲ್ಲದಿದ್ದರೆ ಸ್ಕ್ಯಾನ್ ಮಾಡಿದ ಫೋಟೊ ಬರುತ್ತದೆ, ಅದರಲ್ಲಿ ಓದುವುದಕ್ಕೆ ಅಕ್ಷರವೇ ಇರುವುದಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊಫೆಸರ್ ಎ. ಜಿ. ರಾಮಕೃಷ್ಣನ್ ಅವರ ಲ್ಯಾಬಿನವರು 'ಲಿಪಿ ಜ್ಞಾನಿ' ಅನ್ನುವ ಕನ್ನಡ ಓಸಿಆರ್ ಮಾಡಿದ್ದಾರೆ, ಅಚ್ಚಾದ ಪುಟವನ್ನು ಓದುವ ಅಕ್ಷರವಾಗಿ ಮಾಡುವುದಕ್ಕೆ. ಅಂಥ ಕೆಲಸವನ್ನು ಮುಂದಕ್ಕೆ ಒಯ್ಯಲು ಕೈ ಬೇಕು. ಪಠ್ಯಪುಸ್ತಕದ ಕೋಷ್ಟಕ, ನಕಾಶೆ, ಪಕ್ಕದಲ್ಲಿ ಚೌಕಟ್ಟು ಹಾಕಿ ಬರೆದ ಟಿಪ್ಪಣಿ, ಇದನ್ನೆಲ್ಲ ಯಾವ ಕ್ರಮದಲ್ಲಿ ಓದಬೇಕು ಅನ್ನುವುದೇ ಒಂದು ಒಳ್ಳೆಯ ಸಂಶೋಧನೆಯ ಪ್ರಶ್ನೆ. ಸಮಾಜ ವಿಜ್ಞಾನದ ಟೀಚರಾಗಿ ನನಗೆ ಅದು ದಿನದಿನದ ಕಷ್ಟ.

ದುಡ್ಡಿನ ನೋಟುಗಳ ವಿಷಯವನ್ನೇ ತೆಗೆದುಕೊಳ್ಳಿ. ಹೊಸ 500ರ ನೋಟು 150 ಮಿಲಿಮೀಟರ್ ಉದ್ದ, 200ರದ್ದು 146, 100ರದ್ದು 142. ಮೂರರದ್ದೂ ಅಗಲ ಒಂದೇ, 66. ನಾಲ್ಕು ಮಿಲಿಮೀಟರಿನ ವ್ಯತ್ಯಾಸವನ್ನು ಮಾರ್ಕೆಟ್ಟಿನಲ್ಲಿ, ಕೈಯಲ್ಲಿ ಚೀಲ ಹಿಡಿದುಕೊಂಡು, ಹಿಂದೆ ಜನ ನೂಕುತ್ತಿರುವಾಗ ಬೆರಳಿನಲ್ಲಿ ಅಳೆಯಬೇಕು. ಉಬ್ಬು ಗುರುತುಗಳು ನೋಟು ಹಳೆಯದಾದಂತೆ ಸವೆದುಹೋಗುತ್ತವೆ. ರಿಸರ್ವ್ ಬ್ಯಾಂಕು 2020ರಲ್ಲಿ 'ಮಣಿ' ಅನ್ನುವ ಆ್ಯಪ್ ಕೊಟ್ಟಿತು, ಕ್ಯಾಮೆರಾ ಹಿಡಿದರೆ ನೋಟು ಯಾವುದು ಅಂತ ಹೇಳುತ್ತದೆ. ಆದರೆ ಸಂತೆಯ ಮಧ್ಯೆ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ದುಡ್ಡು ಹಿಡಿದು ನಿಲ್ಲುವುದು ನಮಗೆ ಧೈರ್ಯದ ಕೆಲಸವಲ್ಲ, ಭಯದ ಕೆಲಸ. ಬೆರಳಿಗೇ ಗೊತ್ತಾಗುವ, ಜೇಬಿನಲ್ಲಿ ಇಟ್ಟುಕೊಳ್ಳುವ, ಬ್ಯಾಟರಿ ಬೇಡದ ಒಂದು ಅಳತೆಪಟ್ಟಿಯನ್ನು ನಿಮ್ಮ ಮೆಕ್ಯಾನಿಕಲ್ ವಿಭಾಗದ ಮಕ್ಕಳು ಚೆನ್ನಾಗಿ ಮಾಡಬಲ್ಲರು. ಅದಕ್ಕೆ ನಮ್ಮ ಬೆರಳುಗಳು ಬೇಕು, ನಾವು ಕೊಡುತ್ತೇವೆ. ಅಂಗಡಿಯಲ್ಲಿ ಕಾರ್ಡ್ ಮೆಷಿನ್ ನುಣುಪು ಗಾಜಾದಾಗಿನಿಂದ ಪಿನ್ ಒತ್ತುವುದಕ್ಕೂ ಇನ್ನೊಬ್ಬರಿಗೆ ನಂಬರ್ ಹೇಳಬೇಕಾಗಿದೆ. ಮಾತ್ರೆ ಪಟ್ಟಿಗಳೂ ಹಾಗೇ, ಬೆರಳಿಗೆ ಬಿಪಿಯದ್ದೂ ತಲೆನೋವಿನದ್ದೂ ಒಂದೇ ಥರ.

ಇನ್ನು, ಸ್ವಲ್ಪ ಕಾಣುವವರ ಬಗ್ಗೆ. ಇದರ ಮೇಲೆ ನನಗೆ ತುಂಬಾ ಹೇಳಬೇಕಿದೆ, ಯಾಕೆಂದರೆ ನಿಮ್ಮ ವಿದ್ಯಾರ್ಥಿಗಳಲ್ಲಿ ಇವರಿಗಾಗಿ ಏನಾದರೂ ಮಾಡಿಕೊಂಡು ಬಂದವರು ನನಗೆ ಇದುವರೆಗೆ ಸಿಕ್ಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕುರುಡುತನವನ್ನೂ ಮಂದದೃಷ್ಟಿಯನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ಚೆನ್ನಾಗಿ ಕಾಣುವ ಕಣ್ಣಿನಲ್ಲಿ, ಕನ್ನಡಕ ಹಾಕಿದ ಮೇಲೂ, ದೃಷ್ಟಿ 6/18ರಿಂದ (ಬೇರೆಯವರಿಗೆ 18 ಮೀಟರಿನಿಂದ ಕಾಣುವುದು 6 ಮೀಟರಿನಿಂದ ಮಾತ್ರ ಕಾಣುವುದು) 3/60ರ ಮಧ್ಯೆ ಇದ್ದರೆ, ಅಥವಾ ಕಾಣುವ ಕೋನ 40 ಡಿಗ್ರಿಗಿಂತ ಕಿರಿದಾಗಿ 10 ಡಿಗ್ರಿಯವರೆಗೆ ಇದ್ದರೆ ಅದು ಮಂದದೃಷ್ಟಿ. ನಮ್ಮ ಹಾಸ್ಟೆಲಿನಲ್ಲಿ ಏನೂ ಕಾಣದ ಮಕ್ಕಳಿಗಿಂತ ಇಂಥವರೇ ಜಾಸ್ತಿ. ಇವರ ಕಷ್ಟ ಒಬ್ಬೊಬ್ಬರದು ಒಂದೊಂದು ಥರ. ಒಬ್ಬಳಿಗೆ ಬಿಸಿಲಿಗೆ ಹೋದರೆ ಕಣ್ಣು ಬಿಡಲು ಆಗುವುದಿಲ್ಲ, ಸಂಜೆ ಚೆನ್ನಾಗಿ ಕಾಣುತ್ತದೆ. ಇನ್ನೊಬ್ಬನಿಗೆ ಸಂಜೆಯಾದರೆ ಏನೂ ಇಲ್ಲ. ಒಬ್ಬ ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಾನೆ, ಅರ್ಧ ಗಂಟೆಯಲ್ಲಿ ಕತ್ತು ನೋವು, ತಲೆನೋವು. ಇವರನ್ನು ಜನ ನಂಬುವುದೂ ಇಲ್ಲ. ಮೊಬೈಲ್ ನೋಡ್ತಾನಲ್ಲ, ಇವನಿಗೇನು ಕಾಣಲ್ವಾ ಅಂತ ಬಸ್ಸಿನಲ್ಲಿ ಗದರುತ್ತಾರೆ.

ಇವರಿಗೆ ಬೇಕಾದದ್ದು ದುಬಾರಿಯದ್ದೇನಲ್ಲ. ಪುಸ್ತಕವನ್ನು ಓರೆಯಾಗಿ ಎತ್ತಿ ಹಿಡಿಯುವ, ಡೆಸ್ಕಿಗೆ ಸಿಕ್ಕಿಸುವ ಸ್ಟ್ಯಾಂಡ್. ಕಪ್ಪು ಹಲಗೆಯನ್ನು ಕೂತಲ್ಲೇ ದೊಡ್ಡದಾಗಿ ತೋರಿಸುವ ಅಗ್ಗದ ಕ್ಯಾಮೆರಾ. ಮೆಟ್ಟಿಲಿನ ಅಂಚಿಗೆ ಯಾವ ಬಣ್ಣದ ಪಟ್ಟಿ, ಎಷ್ಟು ಅಗಲ ಹಾಕಿದರೆ ಯಾವ ಬೆಳಕಿನಲ್ಲಿ ಕಾಣುತ್ತದೆ ಅನ್ನುವ ಅಳತೆ. ಬಸ್ಸಿನ ಬೋರ್ಡಿನಲ್ಲಿ ಓಡುವ ಕೆಂಪು ದೀಪದ ಅಕ್ಷರಗಳನ್ನು ಎಷ್ಟು ನಿಧಾನ ಮಾಡಿದರೆ ಓದಬಹುದು ಅನ್ನುವ ಪರೀಕ್ಷೆ. ಕೊನೆಯ ವರ್ಷದ ಮಕ್ಕಳಿಗೆ ಸರಿಯಾಗಿ ಒಗ್ಗುವ ವಿಷಯಗಳಿವು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷ ಇರುವವರು 50 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ 2.6 ಲಕ್ಷದಷ್ಟು. ಇಷ್ಟು ಜನರ ಬದುಕನ್ನು ಒಂದೇ ಕೋಲಿನಲ್ಲಿ ಮುಗಿಸಬೇಡಿ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಟೆಸ್ಟ್ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. ಎಷ್ಟೋ ರಿಪೋರ್ಟುಗಳಲ್ಲಿ ಇದು ಇರುತ್ತದೆ. ಕ್ಲಾಸಿನವರೇ ನಾಲ್ಕು ಜನ ಕಣ್ಣು ಕಟ್ಟಿಕೊಂಡು ನಡೆದರು, ಸಾಧನ ಯಶಸ್ವಿ ಅಂತ ಬರೆದಿರುತ್ತಾರೆ. ಐದು ನಿಮಿಷ ಕಣ್ಣು ಕಟ್ಟಿಕೊಂಡವರಿಗೆ ಗೊತ್ತಾಗುವುದು ಹೆದರಿಕೆ ಮಾತ್ರ. ವರ್ಷಗಟ್ಟಲೆ ಕೋಲು ಹಿಡಿದು, ಸದ್ದು ಕೇಳಿ, ದಾರಿ ಕಲಿತವರ ರೀತಿ ಅದರಿಂದ ಗೊತ್ತಾಗುವುದಿಲ್ಲ. ತಾವೂ ದೃಷ್ಟಿಹೀನರಾದ ಅಮೆರಿಕದ ಮನಶ್ಶಾಸ್ತ್ರ ಸಂಶೋಧಕಿ ಏರಿಯಲ್ ಸಿಲ್ವರ್‌ಮನ್ ಮತ್ತು ಜೊತೆಗಾರರು 2015ರಲ್ಲಿ ಇದನ್ನೇ ಅಧ್ಯಯನ ಮಾಡಿ ಪ್ರಕಟಿಸಿದರು. ಹೀಗೆ ಕಣ್ಣು ಕಟ್ಟಿಸಿಕೊಂಡವರು ಆಮೇಲೆ ದೃಷ್ಟಿಹೀನರಿಗೆ ಕೆಲಸ ಮಾಡುವ, ಸ್ವಂತವಾಗಿ ಬದುಕುವ ಶಕ್ತಿ ಕಡಿಮೆ ಅಂತ ಅಂದುಕೊಂಡರಂತೆ. ನಾಳೆ ಕಂಪನಿಗಳಲ್ಲಿ ಕೂತು ನಮ್ಮವರನ್ನು ಇಂಟರ್‌ವ್ಯೂ ಮಾಡುವವರು ನಿಮ್ಮ ಮಕ್ಕಳೇ ಅಲ್ವಾ?

ನನ್ನ ಕೋರಿಕೆಗಳು ಇವು.

ಪ್ರಾಜೆಕ್ಟ್ ವಿಷಯ ಒಪ್ಪುವ ಮುಂಚೆಯೇ ಮಕ್ಕಳನ್ನು ನಮ್ಮ ಹತ್ತಿರ ಕಳಿಸಿ. ಬರಿಗೈಯಲ್ಲಿ ಕಳಿಸಿ. ಒಂದು ಪೂರ್ತಿ ದಿನ ನಮ್ಮ ಜೊತೆ ಇರಲಿ, ಬಸ್ಸು ಹತ್ತಲಿ, ಬ್ಯಾಂಕಿಗೆ ಬರಲಿ, ಅಡುಗೆಮನೆಯಲ್ಲಿ ಕೂರಲಿ. ನಾವು ಎಲ್ಲಿ ಸಲೀಸಾಗಿ ಹೋಗುತ್ತೇವೆ, ಎಲ್ಲಿ ಸಿಕ್ಕಿಕೊಳ್ಳುತ್ತೇವೆ ಅಂತ ನೋಡಿ ಬರೆದುಕೊಳ್ಳಲಿ. ಸಿನಾಪ್ಸಿಸ್‌ನಲ್ಲಿ ಇದು ಇಲ್ಲದಿದ್ದರೆ ಗೈಡುಗಳು ಸಹಿ ಹಾಕಬೇಡಿ. ಇದಕ್ಕೆ ಮಾರ್ಕ್ಸ್ ಇಡಿ. ಮಾರ್ಕ್ಸ್ ಇಟ್ಟರೆ ಮಾತ್ರ ಆಗುತ್ತದೆ, ಇದು ಶಿಕ್ಷಕಿಯಾಗಿ ನನಗೂ ಗೊತ್ತು, ನಿಮಗೂ ಗೊತ್ತು.

ಮಧ್ಯೆ ಒಂದೆರಡು ಸಲ, ಅರ್ಧಂಬರ್ಧ ಆಗಿದ್ದಾಗಲೇ ಮತ್ತೆ ತರಲಿ. ರಟ್ಟಿನಲ್ಲಿ ಮಾಡಿದ್ದಾದರೂ ಸರಿ. ಕೊನೆಯ ದಿನ ತಂದರೆ ನಾವು ಏನು ಹೇಳಿದರೂ ಬದಲಾಯಿಸುವುದಕ್ಕೆ ಆಗುವುದಿಲ್ಲ. ಪರೀಕ್ಷೆ ನಾವು ನಿಜವಾಗಿ ಓಡಾಡುವ ಜಾಗದಲ್ಲಿ ಆಗಲಿ, ಜೊತೆಗೆ ಒಬ್ಬರು ಕಾವಲಿಗೆ ಇರಲಿ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಪೂರ್ತಿ ಓದಿ ಹೇಳಲಿ, ಬ್ರೈಲ್‌ನಲ್ಲೋ ಫೋನಿನಲ್ಲಿ ಓದಲು ಬರುವ ಹಾಗೋ ಮುಂಚೆಯೇ ಕೊಡಲಿ. ಬೇಡ ಅನ್ನುವ ಹಕ್ಕು ನಮಗಿದೆ ಅಂತ ಅದರಲ್ಲೇ ಬರೆದಿರಲಿ. ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆ, ಮಗುವಿನ ಒಪ್ಪಿಗೆ ಎರಡೂ ಬೇಕು. ಬಯೋಮೆಡಿಕಲ್ ಮತ್ತು ಆರೋಗ್ಯ ಸಂಶೋಧನೆಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಗೊತ್ತಿರುವ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು, ಬೇಡ ಅನ್ನುವ ಹಕ್ಕು ಇರಬೇಕು, ಮಕ್ಕಳಾದರೆ ಎರಡೂ ಒಪ್ಪಿಗೆ ಬೇಕು ಅಂತ ಇದೆ. ನಿಮ್ಮದು ಇಂಜಿನಿಯರಿಂಗ್ ಆದರೂ ಸಾಧನ ಹಿಡಿದು ನಡೆಯುವುದು ಮನುಷ್ಯರೇ. ಮೊದಲೇ ಟೈಪ್ ಮಾಡಿದ ಹೊಗಳಿಕೆ ಹಾಳೆ ಇನ್ನು ಮೇಲೆ ಬರಬಾರದು. ಫೋಟೊಗೂ ಬೇರೆಯಾಗಿ ಕೇಳಬೇಕು, ಅದು ಎಲ್ಲಿ ಹಾಕುತ್ತೀರಿ ಅಂತ ಹೇಳಬೇಕು.

ನಮ್ಮ ಸಮಯಕ್ಕೆ ಬೆಲೆ ಕೊಡಿ. ಪ್ರಾಜೆಕ್ಟಿನ ಖರ್ಚಿನಲ್ಲಿ ಬೋರ್ಡಿಗೆ, ತಂತಿಗೆ, ರಿಪೋರ್ಟ್ ಬೈಂಡಿಂಗಿಗೆ ದುಡ್ಡು ಇರುತ್ತದೆ. ಪರೀಕ್ಷೆ ಮಾಡಿಕೊಟ್ಟವರ ಆಟೊ ಚಾರ್ಜಿಗೆ, ಅರ್ಧ ದಿನದ ಕೂಲಿಗೂ ಇರಲಿ. ಮುಖ್ಯವಾದ ಸಲಹೆ ಕೊಟ್ಟವರು ಒಪ್ಪಿದರೆ ಅವರ ಹೆಸರನ್ನು ಕೃತಜ್ಞತೆಯ ಪುಟದಲ್ಲಿ ಸಾಲದು, ಕೆಲಸ ಮಾಡಿದವರ ಪಟ್ಟಿಯಲ್ಲಿ ಸೇರಿಸಿ.

ವೈವಾಕ್ಕೆ ಪರೀಕ್ಷಕರಾಗಿ ಒಬ್ಬ ದೃಷ್ಟಿಹೀನರನ್ನು ಕೂರಿಸಿ. ಓದಿದವರು, ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವವರು, ಬ್ಯಾಂಕಿನಲ್ಲಿರುವವರು, ಮೇಷ್ಟ್ರುಗಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ರಿಪೋರ್ಟನ್ನು ಸ್ಕ್ರೀನ್ ರೀಡರ್ ಓದುವ ಹಾಗೆ ಯೂನಿಕೋಡಿನಲ್ಲಿ, ಚಿತ್ರಗಳಿಗೆ ವಿವರಣೆ ಬರೆದು ಕೊಡುವುದನ್ನು ಕಡ್ಡಾಯ ಮಾಡಿ. ನಮ್ಮ ಬಗ್ಗೆ ಬರೆದ ರಿಪೋರ್ಟನ್ನು ನಾವೇ ಓದಲು ಆಗುವುದಿಲ್ಲ ಅಂದರೆ ಅದು ಎಂಥ ನ್ಯಾಯ? ಡಿಜಿಟಲ್ ಸೇವೆಗಳನ್ನು ಬಳಸಲು ಆಗುವುದು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟೇ 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಹೇಳಿದೆ. ಕಾಲೇಜಿನ ವೆಬ್‌ಸೈಟು, ಅಡ್ಮಿಷನ್ ಫಾರ್ಮು ನಮ್ಮವರಿಗೆ ತುಂಬಲು ಬರುತ್ತದೆಯಾ ಅಂತ ನೋಡುವುದೂ ಒಂದು ಪ್ರಾಜೆಕ್ಟಾಗಬಹುದು. ಅದಾದರೆ ನಮ್ಮ ಹಾಸ್ಟೆಲಿನ ಮಕ್ಕಳು ನಿಮ್ಮ ಕಾಲೇಜಿನ ವಿದ್ಯಾರ್ಥಿಗಳಾಗಿಯೇ ಬರಬಹುದು.

ಕೊನೆಯದು ಬೀರುವಿನ ವಿಷಯ. ಕೆಲಸ ಮಾಡುವ ಸಾಧನ ಆಗಿದ್ದರೆ ಅದನ್ನು ಬಳಸುವವರ ಹತ್ತಿರ ಬಿಡಿ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅಂತ ಒಂದು ನಂಬರ್ ಕೊಡಿ. ಕೆಲಸ ಮಾಡದಿದ್ದರೆ ಯಾಕೆ ಮಾಡಲಿಲ್ಲ ಅಂತ ಪ್ರಾಮಾಣಿಕವಾಗಿ ಬರೆಸಿ, ಅದಕ್ಕೂ ಪೂರ್ತಿ ಮಾರ್ಕ್ಸ್ ಕೊಡಿ. ಕೋಡು, ಸರ್ಕ್ಯೂಟು, ನಾವು ಹೇಳಿದ ಮಾತು ಎಲ್ಲವನ್ನೂ ಮುಂದಿನ ಬ್ಯಾಚಿಗೆ ಸಿಗುವ ಹಾಗೆ ಒಂದು ಕಡೆ ಇಡಿ. ಮುಂದಿನ ತಂಡ ಅಲ್ಲಿಂದ ಮುಂದುವರಿಸಲಿ. ಎಲ್ಲ ಕಾಲೇಜುಗಳೂ ಸೇರಿ ಇದನ್ನು ಒಂದೇ ಕಡೆ ಮಾಡಿದರೆ ಇನ್ನೂ ಒಳ್ಳೆಯದು. ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಇದು ಕಷ್ಟವೇನಲ್ಲ.

ಈ ಸಲ ಸಿನಾಪ್ಸಿಸ್ ಕೊಡುವ ಹೊತ್ತಿಗಿಂತ ಮುಂಚೆಯೇ ನಾವು ತಯಾರಿರುತ್ತೇವೆ. ನಮಗೆ ಏನೇನು ಕಷ್ಟ, ಯಾವುದಕ್ಕೆ ಸಾಧನ ಬೇಕು, ಯಾವುದಕ್ಕೆ ಬೇಡ ಅಂತ ಮಕ್ಕಳೇ ಹೇಳುತ್ತಾ ಹೋದದ್ದನ್ನು ಟೈಪ್ ಮಾಡಿ ಪಟ್ಟಿ ಮಾಡುತ್ತಿದ್ದೇವೆ. ಅದರಲ್ಲಿ ಮೊದಲನೆಯದು ಹತ್ತನೇ ಕ್ಲಾಸಿನವಳು ಬರೆಸಿದ್ದು: ಹಾಸ್ಟೆಲಿನ ನೀರು ಕಾಯಿಸುವ ಗೀಸರ್ ಆನ್ ಆಗಿದೆಯಾ ಇಲ್ಲವಾ ಅಂತ ಗೊತ್ತಾಗುವುದಿಲ್ಲ, ದೀಪ ಮಾತ್ರ ಇದೆ, ಸದ್ದಿಲ್ಲ. ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ನಾನು ಅಲ್ಲೇ ಇರುತ್ತೇನೆ. ನಿಮ್ಮ ಮಕ್ಕಳನ್ನು ಕಳಿಸಿ. ಆಗದಿದ್ದರೆ ಕರೆಯಿರಿ, ನಾವೇ ನಾಲ್ಕು ಜನ ನಿಮ್ಮ ಕಾಲೇಜಿಗೆ ಬಂದು ಅವರ ಕ್ಲಾಸಿನಲ್ಲಿ ಮಾತಾಡುತ್ತೇವೆ.

ಇಂತಿ ವಿಶ್ವಾಸಪೂರ್ವಕವಾಗಿ,
ಒಬ್ಬ ಶಿಕ್ಷಕಿ, ಮೈಸೂರು